ಎಡಗಾಲಿನ ಬೆಕ್ಕು

ಕೊಂಡ್ಲಹಳ್ಳಿಯ ನೇಕಾರರ ಬೀದಿಯಲ್ಲಿ ಎರ್ರಿಸ್ವಾಮಿಯ ಗಂಟಲಿಗೆ ಮೈಕು ಬೇಡ ಎಂಬುದು ಎಲ್ಲರೂ ಒಪ್ಪಿದ ಮಾತು. ಕಚೇರಿಯ ಮುಂದೆ ನಿಂತು ಅವನು ಒಮ್ಮೆ ಧಿಕ್ಕಾರ ಕೂಗಿದರೆ ಒಳಗಿನ ಕಡತಗಳು ತಮ್ಮ ಧೂಳನ್ನು ತಾವೇ ಕೊಡವಿಕೊಳ್ಳುತ್ತವೆ ಎಂದು ಜನ ನಗುತ್ತಿದ್ದರು. ಯಂತ್ರದ ಸೀರೆಗೆ ಕೈಮಗ್ಗದ ಚೀಟಿ ಅಂಟಿಸಿ ಮಾರುವವರ ಮೇಲೆ ಅವನು ಕೂಗಿದ್ದ. ಕುದಾಪುರದ ಕಡೆ ಕುರಿ ಮೇಯುವ ಹುಲ್ಲುಗಾವಲಿನ ಸುತ್ತ ಗೋಡೆ ಎದ್ದಾಗ, ಒಂದು ಕುರಿಯ ಬಾಲವೂ ಇಲ್ಲದವನು, ಕುರಿಯವರ ಜೊತೆ ಬಿಸಿಲಲ್ಲಿ ಕೂತು ಕೂಗಿದ್ದ. ಅಂಥ ಮನುಷ್ಯ ಒಂದು ತಿಂಗಳಿಂದ ಒಂದೇ ಒಂದು ಮಾತನ್ನು ಆಡಲಾರದೆ ಬಾಯಿ ಹೊಲಿದುಕೊಂಡಿದ್ದ. ಬೆಕ್ಕು ಸತ್ತಿದೆ ಎನ್ನುವುದು ಆ ಮಾತು.

ಬೆಕ್ಕಿನ ಹೆಸರು ಕಂಡಿಗೆ. ಲಾಳಿಯ ಹೊಟ್ಟೆಯೊಳಗೆ ಕೂರುವ, ನೂಲು ಸುತ್ತಿದ ಬೆರಳುದ್ದದ ಕೊಳವೆಗೆ ನೇಕಾರರು ಕಂಡಿಗೆ ಎನ್ನುತ್ತಾರೆ. ಹನ್ನೆರಡು ವರ್ಷದ ಹಿಂದೆ ಅದು ಎರ್ರಿಸ್ವಾಮಿಯ ಅಂಗಿಯ ಜೇಬಿನಲ್ಲಿ ಕೂತು ಚಳ್ಳಕೆರೆಯಿಂದ ಬಸ್ಸಿಳಿದಾಗ ಹೆಚ್ಚುಕಡಿಮೆ ಅಷ್ಟೇ ಇತ್ತು. ಕೊಟ್ಟವಳು ಖಾಜಾ ಹುಸೇನನ ಮಗಳು ಮೆಹಜಬೀನ್. ಖಾಜಾ ಲಾರಿ ಮೆಕ್ಯಾನಿಕ್. ಅವನೂ ಎರ್ರಿಸ್ವಾಮಿಯೂ ಚಳ್ಳಕೆರೆಯ ಎಣ್ಣೆ ಗಿರಣಿಯ ಹಿಂದಿನ ಒಂದು ಕೋಣೆಯಲ್ಲಿ ಭಾನುವಾರ ಭಾನುವಾರ ಪತ್ರಿಕೆ, ಪುಸ್ತಕ ಓದಿ ಜಗಳವಾಡಿಕೊಂಡೇ ಸ್ನೇಹಿತರಾದವರು. ಶೇಂಗಾ ಲಾರಿಯೊಂದರ ಸ್ಪ್ಯಾನರ್ ಪೆಟ್ಟಿಗೆಯಲ್ಲಿ ತಾಯಿ ಬಿಟ್ಟುಹೋದ ಮರಿ ಸಿಕ್ಕಿತ್ತು. ಈ ಮನೆಯಲ್ಲಿ ನಾಲ್ಕನೇ ಬೆಕ್ಕಿಗೆ ಜಾಗವಿಲ್ಲ ಎಂದು ತಾಯಿ ಜಹೀರಾ ಹಟ ಹಿಡಿದಾಗ, ಹತ್ತು ವರ್ಷದ ಆ ಹುಡುಗಿ ಮರಿಯನ್ನು ತಂದು ಎರ್ರಿಸ್ವಾಮಿಯ ಜೇಬಿಗೆ ಇಳಿಸಿ, "ಚಾಚಾ, ಇದಕ್ಕೇನಾದ್ರೂ ಆದ್ರೆ ಮೊದ್ಲು ನಂಗೇ ಹೇಳ್ಬೇಕು" ಎಂದು ಕೈಮೇಲೆ ಕೈ ಹಾಕಿಸಿಕೊಂಡಿದ್ದಳು.

ಮಕ್ಕಳಿಲ್ಲದ ಕೊರಗಿಗೆ ಬೆಕ್ಕು ಸಾಕಿದರು ಎಂದು ಯಾರೂ ಮರುಗಬೇಕಿಲ್ಲ. ಎರ್ರಿಸ್ವಾಮಿ, ಹೊನ್ನಕ್ಕ ದಂಪತಿಗೆ ಎರಡು ಮಕ್ಕಳಿದ್ದಾರೆ, ಇಬ್ಬರೂ ಹತ್ತಿರದ ಊರುಗಳಲ್ಲೇ ಚೆನ್ನಾಗಿದ್ದಾರೆ, ಹಬ್ಬಕ್ಕೆ ಬಂದು ಕಾಲು ಚಾಚಿ ಉಂಡು ಹೋಗುತ್ತಾರೆ. ಮನೆಯಲ್ಲಿ ಯಾವ ಜಾಗವೂ ಖಾಲಿ ಇರಲಿಲ್ಲ. ಬೆಕ್ಕು ಬಂದು ತನ್ನ ಜಾಗವನ್ನು ತಾನೇ ಮಾಡಿಕೊಂಡಿತು, ಅದೂ ಮಗ್ಗದ ಗುಂಡಿಯೊಳಗೆ.

ಗುಂಡಿಮಗ್ಗ ನೋಡದವರಿಗೆ ಒಂದು ಮಾತು. ನೇಕಾರ ನೆಲದ ಮೇಲೆ ಕೂತು ಕಾಲುಗಳನ್ನು ಮೊಣಕಾಲಿನ ತನಕ ಗುಂಡಿಗೆ ಇಳಿಬಿಡುತ್ತಾನೆ. ಅಲ್ಲಿ ಎರಡು ತುಳಿಹಲಗೆಗಳಿರುತ್ತವೆ. ಒಂದನ್ನು ತುಳಿದರೆ ಉದ್ದಕ್ಕೆ ಬಿಗಿದ ಹಾಸಿನ ನೂಲು ಬಾಯಿ ಬಿಡುತ್ತದೆ, ಲಾಳಿ ಅದರೊಳಗೆ ಅಡ್ಡ ಓಡಿ ಹೊಕ್ಕಿನ ಎಳೆ ಬಿಡುತ್ತದೆ, ಕೈ ಹಣಿಗೆಯನ್ನು ಎಳೆದು ಆ ಎಳೆಯನ್ನು ಬಡಿಯುತ್ತದೆ. ಆಮೇಲೆ ಇನ್ನೊಂದು ಕಾಲು. ಬೇಸಿಗೆಯಲ್ಲಿ ಗುಂಡಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಕಂಡಿಗೆ ಎಡ ಹಲಗೆಯ ಕೆಳಗಿನ ಸಂದಿಯಲ್ಲಿ ಗೋಣಿಯ ತುಂಡಿನ ಮೇಲೆ ಸುತ್ತಿಕೊಂಡು ಮಲಗುತ್ತಿತ್ತು. ಹಲಗೆಯನ್ನು ಪೂರ್ತಿ ಅದುಮಿದರೆ ಅದರ ಬೆನ್ನಿಗೆ ತಾಗುತ್ತದೆ. ಮೊದಲ ವಾರ ತಾಗಿತು ಕೂಡ. ಆಗ ಅದು ಎರ್ರಿಸ್ವಾಮಿಯ ಹೆಬ್ಬೆರಳನ್ನು ಕಚ್ಚಿ ತನ್ನ ಹಕ್ಕನ್ನು ತಿಳಿಸಿತು. ಹಕ್ಕಿನ ವಿಷಯದಲ್ಲಿ ಎರ್ರಿಸ್ವಾಮಿ ಬೇಗ ಮಣಿಯುತ್ತಿದ್ದ. ಅಂದಿನಿಂದ ಅವನ ಎಡಗಾಲು ಎರಡು ಬೆರಳಿನಷ್ಟು ಮೇಲೇ ನಿಲ್ಲುವುದನ್ನು ಕಲಿಯಿತು. ಆ ಕೊರತೆಯನ್ನು ಕೈ ತುಂಬಿಕೊಟ್ಟಿತು. ಹನ್ನೆರಡು ವರ್ಷ ಅವನು ನೇಯ್ದ ಪ್ರತಿ ಸೀರೆಯೂ ಹಾಗೆಯೇ ಇಳಿಯಿತು. ಹಿಂದೆ ಹೇಗೆ ತುಳಿಯುತ್ತಿದ್ದೆ ಎಂಬುದು ಅವನಿಗೇ ಮರೆತುಹೋಯಿತು.

ಈಗ ಮೆಹಜಬೀನಳಿಗೆ ಇಪ್ಪತ್ತೆರಡು. ಚಳ್ಳಕೆರೆಯ ಔಷಧಿ ಅಂಗಡಿಯೊಂದರಲ್ಲಿ ಕೆಲಸ, ಹೊಸಪೇಟೆಯ ಕಡೆ ಮದುವೆ ಗೊತ್ತಾಗಿತ್ತು. ಮದುವೆಯಾದ ಮೇಲೆ ಗಂಡಿನ ಮನೆಯವರು ಕೊಡುವ ವಲೀಮಾ ಊಟದ ದಿನ ತಾನು ಉಡುವುದು ಚಾಚಾ ನೇಯ್ದ ಸೀರೆಯನ್ನೇ ಎಂದು ಅವಳು ಹೇಳಿಬಿಟ್ಟಿದ್ದಳು. ಗಿಳಿಹಸಿರು ಒಡಲು, ಕೆಂಪು ದಡಿ. ಎರ್ರಿಸ್ವಾಮಿ ಬೇರೆ ಕೆಲಸ ಬದಿಗಿಟ್ಟು ಹಾಸು ಹೂಡಿದ. ಅರ್ಧ ಸೀರೆ ಇಳಿದಿತ್ತು.

ಅವತ್ತು ಮಧ್ಯಾಹ್ನ ಉಂಡು ಬಂದು ಗುಂಡಿಗೆ ಕಾಲು ಬಿಟ್ಟಾಗ ಕಂಡಿಗೆ ಜಾಗದಲ್ಲೇ ಇತ್ತು. ಎಡಗಾಲಿನ ಪಕ್ಕಕ್ಕೆ ಅದರ ರೋಮ ತಾಗಿತು. ನೇಯ್ದ. ಸಂಜೆ ಚಹಾಕ್ಕೆ ಹೊನ್ನಕ್ಕ ಕೂಗಿದಳು. ಎದ್ದೇಳುವಾಗ ಎಂದಿನಂತೆ ಅದು ಒಂದು ಕಾಲು ಚಾಚಿ ಅವನ ಪಾದವನ್ನು ಹಿಡಿಯಲಿಲ್ಲ. ಬಗ್ಗಿ ಮುಟ್ಟಿದ. ತಣ್ಣಗಿತ್ತು.

ಹಿತ್ತಲಿನ ಸೀತಾಫಲ ಗಿಡದ ಬುಡದಲ್ಲಿ ಮಣ್ಣು ಮಾಡಿದರು. ಗೋಣಿಯ ತುಂಡನ್ನೂ ಜೊತೆಗೆ ಹಾಕಿದರು. ಹೊನ್ನಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಎರ್ರಿಸ್ವಾಮಿ ಗುದ್ದಲಿ ತೊಳೆದು ಗೋಡೆಗೆ ಒರಗಿಸಿ, ಕೈ ತೊಳೆದು, ಮತ್ತೆ ಗುದ್ದಲಿಯನ್ನು ತೊಳೆದ.

ಬೀದಿಯಲ್ಲಿ ಯಾರಾದರೂ ತೀರಿಕೊಂಡರೆ ಆ ಮನೆಯ ಮಗ್ಗ ನಿಲ್ಲುತ್ತದೆ. ಸೂತಕ ಕಳೆಯುವ ತನಕ ಯಾರೂ ಏಕೆ ಎಂದು ಕೇಳುವುದಿಲ್ಲ. ಎರ್ರಿಸ್ವಾಮಿಯ ಮಗ್ಗ ಮೂರು ದಿನ ನಿಂತಾಗ ಮಾತ್ರ ಎದುರು ಮನೆಯ ನೇಕಾರ ಜಂಪಣ್ಣ ಬಂದು ಬಾಗಿಲಲ್ಲಿ ನಿಂತ.

"ಏನಪ್ಪಾ ಕಾಮ್ರೇಡ್, ಸದ್ದೇ ಇಲ್ಲ. ಸ್ಟ್ರೈಕಾ?"

"ಇಲ್ಲ."

"ಮತ್ತೆ? ಬೆಕ್ಕಿಗೆ ಸೂತಕ ಹಿಡಿದೀಯೇನು?"

ಎರ್ರಿಸ್ವಾಮಿ ಲಾಳಿಯ ಧೂಳು ಒರೆಸತೊಡಗಿದ.

"ಲೇ, ಒಂದು ಸೀರೆಗೆ ಎಷ್ಟು ಸಾವಿರ ಹುಳ ಬಿಸಿನೀರಾಗೆ ಬೆಂದಿರ್ತಾವೆ ಲೆಕ್ಕ ಹಾಕೀಯಾ? ಆ ನೂಲು ಹಿಡಿದು ಜೀವನ ಮಾಡೋನು ಬೆಕ್ಕಿಗೆ ಅಳ್ತೀಯಲ್ಲೋ."

"ನಾನೆಲ್ಲಿ ಅತ್ತೆ?" ಎಂದ ಎರ್ರಿಸ್ವಾಮಿ.

ಅದು ನಿಜವೇ ಆಗಿತ್ತು. ದೊಡ್ಡವರು ಸತ್ತರೆ ಬಾವುಟ ಅರ್ಧಕ್ಕೆ ಇಳಿಯುತ್ತದೆ, ಶಾಲೆಗೆ ರಜೆ ಸಿಗುತ್ತದೆ, ಕಂಡು ಕೇಳದವರೂ ಕಣ್ಣೊರೆಸಿಕೊಳ್ಳುತ್ತಾರೆ. ದುಡಿದು ತಿನ್ನುವವರ ದುಃಖಕ್ಕೆ ಮಾತ್ರ ಪ್ರತಿಯೊಂದಕ್ಕೂ ಅನುಮತಿ ಬೇಕು, ಇಷ್ಟಕ್ಕೆ ಅಳಬಹುದು, ಇಷ್ಟಕ್ಕೆ ಅಳಬಾರದು ಎಂದು. ಈ ಅನ್ಯಾಯದ ಬಗ್ಗೆ ಎರ್ರಿಸ್ವಾಮಿ ಒಂದು ಗಂಟೆ ಭಾಷಣ ಮಾಡಬಲ್ಲವನಾಗಿದ್ದ, ಬೇರೆ ಯಾರದಾದರೂ ಬೆಕ್ಕಾಗಿದ್ದರೆ.

ನಾಲ್ಕನೇ ದಿನ ಮಗ್ಗಕ್ಕೆ ಕೂತ. ಮೂರು ಗೇಣು ನೇಯ್ದ. ಸಂಜೆ ಹೊನ್ನಕ್ಕ ಬಂದು, ಇಳಿದ ಬಟ್ಟೆಯ ಮೇಲೆ ಅಂಗೈಯನ್ನು ಹಗುರವಾಗಿ ಆಡಿಸಿದಳು. ಮೂವತ್ತು ವರ್ಷದಿಂದ ಕಂಡಿಗೆ ಸುತ್ತಿ ನವಿರಾದ ಕೈ ಅದು, ಕಣ್ಣಿಗಿಂತ ಮೊದಲು ಅದಕ್ಕೆ ತಿಳಿಯುತ್ತದೆ. ಕೈ ಒಂದು ಕಡೆ ನಿಂತಿತು.

"ಪಟ್ಟೆ ಬಿದ್ದೈತೆ ನೋಡ್ರಿ."

"ಎಲ್ಲಿ?"

"ಇಲ್ಲಿ. ಇಲ್ಲಿಗಂಟ ಒಂಥರಾ ಐತೆ, ಇಲ್ಲಿಂದ ಮುಂದೆ ಒಂಥರಾ ಐತೆ. ಬ್ಯಾರೆ ಯಾರೋ ಕುಂತು ನೇಯ್ದಂಗೆ."

ಬೆಳಕಿಗೆ ಓರೆಯಾಗಿ ನೋಡಿದರೆ ಕಾಣುತ್ತಿತ್ತು. ಹಳೆಯ ಭಾಗ ಎಳೆಬಿಸಿಲಿನಂತೆ ಹಗುರ, ಹೊಸದು ದಟ್ಟ, ನಡುವೆ ಕೂದಲೆಳೆಯಷ್ಟು ಗೆರೆ. ಒಬ್ಬ ನೇಕಾರ ಹೂಡಿದ ಸೀರೆಗೆ ಇನ್ನೊಬ್ಬ ಕೈ ಹಾಕಬಾರದು ಎನ್ನುವುದು ಇದಕ್ಕೇ. ಪ್ರತಿಯೊಬ್ಬರ ತುಳಿತ ಬೇರೆ, ಬಡಿತ ಬೇರೆ, ಕೈ ಬದಲಾದ ಕಡೆ ಬಟ್ಟೆ ಚಾಡಿ ಹೇಳಿಬಿಡುತ್ತದೆ. ಇಲ್ಲಿ ಕೈ ಬದಲಾಗಿರಲಿಲ್ಲ. ಗುಂಡಿಯಲ್ಲಿ ಬೆಕ್ಕು ಇರಲಿಲ್ಲ, ಎಡಗಾಲು ಹನ್ನೆರಡು ವರ್ಷದ ಮೇಲೆ ಮೊದಲ ಬಾರಿ ತಳಮುಟ್ಟ ಇಳಿದಿತ್ತು, ಅಷ್ಟೆ. ಬೆಕ್ಕು ಇದ್ದಾಗಿನ ಎರ್ರಿಸ್ವಾಮಿಯೂ ಬೆಕ್ಕು ಹೋದ ಮೇಲಿನ ಎರ್ರಿಸ್ವಾಮಿಯೂ ಇಬ್ಬರು ಬೇರೆ ನೇಕಾರರು.

"ಉಟ್ಟರೆ ಯಾರಿಗೂ ಕಾಣಲ್ಲ" ಎಂದ, ತನಗೇ ನಂಬಿಕೆಯಿಲ್ಲದೆ.

"ಆ ಹುಡುಗಿಗೆ ಕಾಣದಿರಬೋದು. ನಿಮಗೆ ಕಾಣಲ್ಲೇನು?"

ಮರುದಿನ ಬಿಚ್ಚಲು ಕೂತರು. ನೇಯುವುದಕ್ಕಿಂತ ಬಿಚ್ಚುವುದು ಕಷ್ಟ. ಹಾಸಿನ ಬಾಯಿ ತೆರೆದು, ಬಡಿದು ಕೂರಿಸಿದ ಎಳೆಯನ್ನು ಸೂಜಿಯಿಂದ ಎಬ್ಬಿಸಿ, ಒಂದೊಂದನ್ನೇ ಹಿಂದಕ್ಕೆ ಎಳೆಯಬೇಕು. ಹೊನ್ನಕ್ಕ ಆ ಕಡೆ, ಎರ್ರಿಸ್ವಾಮಿ ಈ ಕಡೆ. ಎಳೆ ಹೋದಂತೆಲ್ಲ ದಿನಗಳು ಹಿಂದಕ್ಕೆ ಹೋದವು. ಎರಡು ದಿನ ಹಿಡಿಯಿತು. ಗೆರೆಯ ತನಕ ಬಂದಾಗ ಇಬ್ಬರೂ ನಿಂತರು. ಅದರಾಚೆಗಿನ ಒಂದು ಗೇಣು, ಆ ಮಧ್ಯಾಹ್ನದ ನೇಯ್ಗೆ. ಅದರಲ್ಲಿ ಎಲ್ಲೋ ಒಂದು ಎಳೆಯ ಹೊತ್ತಿಗೆ ಬೆಕ್ಕಿನ ಉಸಿರು ನಿಂತಿತ್ತು. ಯಾವ ಎಳೆ ಎಂದು ಕಾಲಿಗೆ ತಿಳಿದಿರಲಿಲ್ಲ. ಬೆಕ್ಕು ಸತ್ತ ಮೇಲೂ ಆ ಸಂಜೆಯ ತನಕ ಕಾಲು ಮೆತ್ತಗೇ ತುಳಿದಿತ್ತು.

"ಇದ್ನ ಬಿಚ್ಚೋದು ಬ್ಯಾಡ" ಎಂದ ಎರ್ರಿಸ್ವಾಮಿ.

"ಬಿಚ್ಚಾಕೆ ನಾನೂ ಬಿಡಾಕಿಲ್ಲ" ಎಂದಳು ಹೊನ್ನಕ್ಕ.

ಬಿಚ್ಚಿದ ಹಾಸಿನ ನೂಲು ಸಣ್ಣಗೆ ಜೂಲೆದ್ದಿತ್ತು. ಇನ್ನೊಮ್ಮೆ ಬಿಚ್ಚಿದರೆ ಹರಿಯುವುದು ಖಂಡಿತ. ಹೊಸ ಹಾಸು ಹೂಡಲು ಅದೇ ಬಣ್ಣದ ರೇಷ್ಮೆ ಇಲ್ಲ, ದಿನವೂ ಇಲ್ಲ. ಅಂದರೆ ಉಳಿದ ಅರ್ಧ ಸೀರೆಯನ್ನು ಬೆಕ್ಕು ಕಾಲಡಿಯಲ್ಲಿ ಮಲಗಿದೆ ಎನ್ನುವ ಹಾಗೇ ನೇಯಬೇಕು.

ಎರ್ರಿಸ್ವಾಮಿ ಹಸಿರು ಹಾಸನ್ನು ಮುಟ್ಟದೆ, ಮಗ್ಗದ ಅಂಚಿನಲ್ಲಿ ಪ್ರಯೋಗಕ್ಕೆಂದು ಬಿಗಿದ ಹಳೆಯ ಹತ್ತಿ ನೂಲಿನಲ್ಲಿ ನಾಲ್ಕು ಬೆರಳು ನೇಯ್ದು ಕಾಲನ್ನು ಪರೀಕ್ಷಿಸಿದ. ಮೊದಲ ಎಂಟು ಹತ್ತು ಎಳೆ ಮೆತ್ತಗೆ, ಆಮೇಲೆ ಮನಸ್ಸು ಎಲ್ಲಿಗೋ ಹೋದ ಕೂಡಲೆ ಕಾಲು ದಡಕ್ಕನೆ ಇಳಿಯುತ್ತಿತ್ತು. ಮನಸ್ಸಿಟ್ಟು ತುಳಿದರೆ ಇನ್ನೂ ಕೆಟ್ಟದು, ಒಮ್ಮೆ ಒಂದು ಬೆರಳು, ಒಮ್ಮೆ ಮೂರು. ಗೋಣಿ ಮಡಿಸಿ ಸಂದಿಗೆ ಇಟ್ಟ. ಕಾಲು ಗೋಣಿಯನ್ನು ಗೋಣಿಯೆಂದೇ ತಿಳಿದು ತುಳಿದು ಹಿಟ್ಟು ಮಾಡಿತು. ಮರದ ತುಂಡು ಇಟ್ಟ. ಹಲಗೆ ಅದಕ್ಕೆ ತಾಗಿ ಟಕ್ ಎಂದು ನಿಲ್ಲುತ್ತಿತ್ತು, ಆ ಟಕ್ಕಿಗೆ ಕೈಯ ಲಯ ಕೆಡುತ್ತಿತ್ತು. ಜೀವವಿದೆ ಎಂದು ಕಾಲನ್ನು ನಂಬಿಸುವುದು ಮಂತ್ರಿಯನ್ನು ನಂಬಿಸುವುದಕ್ಕಿಂತ ಕಷ್ಟವಾಯಿತು.

ಪ್ರತಿ ಶುಕ್ರವಾರ ಮೆಹಜಬೀನಳ ಫೋನು ಬರುತ್ತಿತ್ತು.

"ಚಾಚಾ, ಸೀರೆ ಎಲ್ಲಿಗೆ ಬಂತು?"

"ಬರ್ತಾ ಐತಮ್ಮ."

"ಕಂಡಿಗೆ ತೋರಿಸಿ, ವಿಡಿಯೋ ಹಾಕ್ತೀನಿ."

"ಮಲಗೈತೆ ಕಣಮ್ಮ. ಎಬ್ಬಿಸಬ್ಯಾಡ."

ಹೊನ್ನಕ್ಕ ಪಕ್ಕದಲ್ಲಿ ಕಂಡಿಗೆ ಸುತ್ತುತ್ತ ರಾಟೆ ನಿಲ್ಲಿಸಿ ಅವನ ಮುಖ ನೋಡುತ್ತಿದ್ದಳು. ಬೆಕ್ಕು ಕದ್ದು ಆಡಬಾರದೆಂದು ಕಂಡಿಗೆಗಳ ಬುಟ್ಟಿಗೆ ತಟ್ಟೆ ಮುಚ್ಚಿ ಮೇಲೊಂದು ಕಲ್ಲು ಇಡುವುದು ಅವಳ ರೂಢಿ. ಈಗಲೂ ಇಡುತ್ತಿದ್ದಳು. ಅದಕ್ಕೆ ಅವನೂ ಏನೂ ಅನ್ನುತ್ತಿರಲಿಲ್ಲ.

ಮದುವೆಗೆ ಹದಿನೈದು ದಿನ ಉಳಿದಾಗ, ಒಂದು ಭಾನುವಾರ ಬೆಳಿಗ್ಗೆ, ಮನೆಯ ಮುಂದೆ ಖಾಜಾನ ಹಳೆಯ ವ್ಯಾನು ಕೆಮ್ಮಿ ನಿಂತಿತು. ಲಗ್ನಪತ್ರಿಕೆ ಕೊಡಲು ಅಪ್ಪ ಮಗಳು ಹೇಳದೆ ಕೇಳದೆ ಬಂದಿದ್ದರು. ಎರ್ರಿಸ್ವಾಮಿ ಅಂಗಿ ಹಾಕಿಕೊಂಡು ಹೊರಬರುವಷ್ಟರಲ್ಲಿ ಮೆಹಜಬೀನ್ ಚಪ್ಪಲಿ ಕಳಚಿ ನೇರ ಮಗ್ಗದ ಕೋಣೆಗೆ ಹೋಗಿ, ಗುಂಡಿಯ ಅಂಚಿನಲ್ಲಿ ಮೊಣಕಾಲೂರಿ ಒಳಗೆ ಕೈ ಚಾಚಿದ್ದಳು.

"ಕಂಡಿಗೆ. ಏ ಕಂಡಿಗೆ. ಬಾರೇ ಇಲ್ಲಿ, ನಾನು ಬಂದೀನಿ."

ಹೊನ್ನಕ್ಕ ನೀರಿನ ಚೊಂಬು ಹಿಡಿದು ಬಾಗಿಲಲ್ಲೇ ನಿಂತಳು. ಅವನು ಹೇಳಲಿ ಎಂದು ಅವಳೂ ಹೇಳಲಿಲ್ಲ.

"ಮೆಹಜಬೀನ್" ಎಂದ ಎರ್ರಿಸ್ವಾಮಿ. "ಅದು ಇಲ್ಲಮ್ಮ."

"ಹೊರಗೆ ಹೋಗಿದೆಯಾ?"

"ಇಲ್ಲ. ಹೋಗೇಬಿಡ್ತು. ಒಂದು ತಿಂಗಳಾತು."

ಹುಡುಗಿ ಕೈಯನ್ನು ಗುಂಡಿಯಿಂದ ಹೊರಗೆ ತೆಗೆಯಲಿಲ್ಲ. "ಹೋದ ಶುಕ್ರವಾರ ಮಲಗೈತೆ ಅಂದ್ರಿ" ಎಂದಳು.

"ಹ್ಞೂಂ."

"ಅದಕ್ಕೆ ಮುಂಚೆ ಇಲಿ ಹಿಡಿಯಾಕೆ ಹೋಗೈತೆ ಅಂದ್ರಿ."

"ಹ್ಞೂಂ."

"ಹನ್ನೆರಡು ವರ್ಷದ ಮುದುಕಿ ಎಲ್ಲಿ ಇಲಿ ಹಿಡೀತಾಳೆ ಅಂತ ಆವಾಗ್ಲೇ ಅಂದ್ಕೊಂಡೆ ನಾನು." ಈಗ ಅವಳು ಅವನ ಕಡೆ ತಿರುಗಿದಳು. "ಮೊದ್ಲು ನಂಗೇ ಹೇಳ್ತೀನಿ ಅಂತ ಮಾತು ಕೊಟ್ಟಿದ್ರಿ ಚಾಚಾ."

ಖಾಜಾ ಬಾಗಿಲ ಚೌಕಟ್ಟಿಗೆ ಒರಗಿದ್ದವನು ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಕ್ಯಾ ಭಾಯ್" ಎಂದ ಮೆಲ್ಲಗೆ. "ಡಿಸಿ ಮುಂದೆ ಒಂದು ಸುಳ್ಳು ಹೇಳಿದೋನಲ್ಲ ನೀನು. ನಮ್ಮ ಹುಡುಗೀಗೆ ವಾರಕ್ಕೊಂದು ಹೇಳಿದ್ಯಲ್ಲೋ."

"ಮದುವಿ ಮನಿಗೆ ಸಾವಿನ ಸುದ್ದಿ ಹೆಂಗೆ ಕಳಿಸ್ಲಿ ಖಾಜಾ?"

"ಸಾವು ಅಂದ್ರಲ್ಲ ಚಾಚಾ, ಅಷ್ಟು ಸಾಕು" ಎಂದಳು ಮೆಹಜಬೀನ್, ಕಣ್ಣೊರೆಸಿಕೊಳ್ಳುತ್ತ. "ನಮ್ಮ ಬೀದೀಲಿ ಆಗಿದ್ರೆ, ಬೆಕ್ಕಾ, ಬಿಡು, ಇನ್ನೊಂದು ತಂದ್ರಾಯ್ತು ಅಂತಿದ್ರು. ಹೆಂಗೆ ಹೋಯ್ತು ಹೇಳಿ."

"ಏನಿಲ್ಲಮ್ಮ, ವಯಸ್ಸಾಗಿತ್ತು."

"ಅಷ್ಟೇ ಅಲ್ಲ. ಪೂರ್ತಿ ಹೇಳಿ."

ನಿಂತು ಹೇಳಲು ಅವನಿಂದ ಆಗಲಿಲ್ಲ. ಎದುರಿಗೆ ಜನ ನಿಂತಿದ್ದರೆ ಅವನಿಗೆ ಬರುತ್ತಿದ್ದದ್ದು ಭಾಷಣ ಮಾತ್ರ. ಕೈಗೆ ಕೆಲಸ ಬೇಕಾಯಿತು. ಮಗ್ಗಕ್ಕೆ ಹೋಗಿ ಕೂತು ಗುಂಡಿಗೆ ಕಾಲು ಬಿಟ್ಟ, ಬಿಚ್ಚಿದ ಮೇಲೆ ಮೊದಲ ಸಲ ಹಸಿರು ಹಾಸಿನೊಳಗೆ ಲಾಳಿ ಬಿಟ್ಟ. ಯಾರ ಮುಖವನ್ನೂ ನೋಡದೆ ಹೇಳುತ್ತ ಹೋದ. ಅವತ್ತು ಮುದ್ದೆ ಉಂಡು ಬಂದದ್ದು. ರೋಮ ತಾಗಿದ್ದು. ಮಧ್ಯಾಹ್ನವೆಲ್ಲ ನೇಯ್ದದ್ದು.

"ಎಷ್ಟೊತ್ತಿಗೆ ಹೋಯ್ತೋ ಗೊತ್ತಾಗ್ಲಿಲ್ಲಮ್ಮ. ಕಾಲು ಪಕ್ಕದಾಗೆ ಜೀವ ಹೋಗ್ತಾ ಐತೆ, ನಾನು ಮ್ಯಾಲೆ ಕುಂತು ದಡಿ ಗೆರೆ ಸರಿ ಬಂತಾ ಅಂತ ನೋಡ್ತಿದ್ದೆ. ಒಂದು ಸಲ ಬಗ್ಗಿ ನೋಡಿದ್ರೆ..."

"ನೋಡಿದ್ರೆ ಏನ್ಮಾಡ್ತಿದ್ರಿ?"

"ಎತ್ಕೊಂತಿದ್ದೆ."

"ಎತ್ಕೊಂಡ್ರೆ ಅದಕ್ಕೆ ಆಗ್ತಿರ್ಲಿಲ್ಲ ಚಾಚಾ. ಚಿಕ್ಕದಿದ್ದಾಗ್ಲೇ ಪರಚ್ತಿತ್ತು." ಮೆಹಜಬೀನ್ ಗುಂಡಿಯ ಅಂಚಿಗೆ ಕುಳಿತು ತಾನೂ ಒಂದು ಕಾಲು ಇಳಿಬಿಟ್ಟಳು. "ಅದು ತನಗೆ ಬೇಕಾದ ಜಾಗ್ದಲ್ಲಿ ಮಲಗಿತ್ತು. ನೀವೂ ಅಲ್ಲೇ ಇದ್ರಿ. ನಮ್ಮ ದಾದಿ, ಅಪ್ಪನ ಅಮ್ಮ, ಹೋದಾಗ ಮನೆ ತುಂಬ ಜನ ಇದ್ರು, ಒಬ್ರೂ ಅವಳ ಹತ್ರ ಇರ್ಲಿಲ್ಲ."

ಎರ್ರಿಸ್ವಾಮಿಯ ಲಾಳಿ ಓಡುತ್ತಲೇ ಇತ್ತು. ಮೆಹಜಬೀನ್ ಕೇಳಿದಳು, ಅವನು ಹೇಳಿದ. ಸಹಕಾರ ಸಂಘದಿಂದ ಪರೀಕ್ಷೆಗೆ ಬಂದ ಅಧಿಕಾರಿಯ ಪ್ಯಾಂಟಿನ ಮೇಲೆ ಅದು ಇಲಿಯ ತಲೆ ತಂದಿಟ್ಟದ್ದು. ಬಳ್ಳಾರಿ ಬಸ್ಸಿನ ಹಾರನ್ನಿಗೆ ಮಾತ್ರ ಹೆದರುತ್ತಿದ್ದದ್ದು, ತೆಲುಗಿನಲ್ಲಿ ಬೈದರೆ ಮಾತ್ರ ಕೇಳುತ್ತಿದ್ದದ್ದು.

"ಅದಕ್ಕೆ ತೆಲುಗು ಯಾರು ಕಲಿಸಿದ್ರು?" ಎಂದ ಖಾಜಾ.

"ನಿನ್ನ ಲಾರಿ ಪೆಟ್ಟಿಗ್ಯಾಗೇ ಕಲ್ತಿತ್ತೇನೋ. ಅನಂತಪುರದ ಲಾರಿ ಅಲ್ವೇನೋ ಅದು."

ಖಾಜಾ ಜೋರಾಗಿ ನಕ್ಕ. ಎರ್ರಿಸ್ವಾಮಿಯೂ ನಕ್ಕ, ತಿಂಗಳ ಮೇಲೆ. ಅಷ್ಟರಲ್ಲಿ ಹೊನ್ನಕ್ಕ ಚೊಂಬನ್ನು ಕೆಳಗಿಟ್ಟು ಬಂದವಳು, ಇಳಿದ ನಾಲ್ಕು ಬೆರಳು ಬಟ್ಟೆಯ ಮೇಲೆ ಅಂಗೈ ಆಡಿಸಿದಳು. ಹಳೆಯದರಿಂದ ಹೊಸದಕ್ಕೆ, ಹೊಸದರಿಂದ ಹಳೆಯದಕ್ಕೆ. ಮತ್ತೊಮ್ಮೆ ಆಡಿಸಿದಳು.

"ಪಟ್ಟೆ ಬಿದ್ದಿಲ್ಲ" ಎಂದಳು.

ಎರ್ರಿಸ್ವಾಮಿಯ ಕೈ ನಿಂತಿತು. ಬಗ್ಗಿ ತನ್ನ ಎಡಗಾಲನ್ನು ನೋಡಿದ. ಹಲಗೆ ತಳಕ್ಕಿಂತ ಎರಡು ಬೆರಳು ಮೇಲೆ ನಿಂತಿತ್ತು.

"ನಿಲ್ಲಿಸಬ್ಯಾಡ್ರಿ" ಎಂದಳು ಹೊನ್ನಕ್ಕ. "ಅದರ ಮಾತು ಹೇಳ್ತಾ ಇರ್ರಿ. ಹೇಳ್ತಾ ಇದ್ರೆ ಕಾಲಿಗೆ ನೆಪ್ಪು ಬರ್ತೈತೆ."

ಹೀಗೆ ಉಳಿದ ಅರ್ಧ ಸೀರೆ ಇಳಿಯಿತು. ಅಪ್ಪ ಮಗಳು ಅವತ್ತು ಸಂಜೆಯ ತನಕ ಇದ್ದು ಚಳ್ಳಕೆರೆಗೆ ಹೋದರು. ಮರುದಿನದಿಂದ ಹೊನ್ನಕ್ಕ ರಾಟೆಯನ್ನು ಮಗ್ಗದ ಪಕ್ಕಕ್ಕೇ ಎಳೆದುಕೊಂಡಳು. ಬೆಕ್ಕಿನ ಮಾತು ಬಿಟ್ಟರೆ ಕಾಲು ಇಳಿಯುತ್ತದೆ ಎಂಬ ಭಯಕ್ಕೆ ಇಬ್ಬರೂ ಸರದಿಯಲ್ಲಿ ಹೇಳಿದರು. ಒಂದೇ ಕತೆಯನ್ನು ಅವನು ಒಂದು ಥರ ಹೇಳಿದರೆ ಅವಳು ಬೇರೆ ಥರ ಹೇಳುತ್ತಿದ್ದಳು. ಹಾಲಿನ ಪಾತ್ರೆಗೆ ಬಾಯಿ ಹಾಕಿದ್ದು ಯಾರ ತಪ್ಪು ಎಂಬ ಹಳೆಯ ಜಗಳ ಮತ್ತೆ ಎದ್ದು, ಒಂದಿಡೀ ಬೆಳಿಗ್ಗೆ ಅದರಲ್ಲೇ ಕಳೆದು, ಮೂರು ಗೇಣು ಸೀರೆ ಬಂತು.

"ಪಾತ್ರೆ ಮುಚ್ಚದೇ ಇಟ್ಟೋಳು ನೀನು."

"ಮುಚ್ಚಿದ್ದೆ. ತೆಗೆದುಕೊಟ್ಟೋರು ನೀವು. ನಂಗೆ ಗೊತ್ತಿಲ್ಲ ಅಂದ್ಕೊಂಡೀರೇನು, ಎಂಟು ವರ್ಷದಿಂದ ಗೊತ್ತೈತೆ."

ಐದನೆಯ ದಿನ ಕತೆಗಳು ಮುಗಿದವು. ಹೇಳಿದ್ದನ್ನೇ ಹೇಳಿದರೆ ಬಾಯಿ ಆಡುತ್ತಿತ್ತು, ಕಾಲಿಗೆ ಕೇಳುತ್ತಿರಲಿಲ್ಲ. ಹಲಗೆ ಇಳಿಯತೊಡಗಿದ್ದು ತಿಳಿದು ಎರ್ರಿಸ್ವಾಮಿ ಲಾಳಿಯನ್ನು ತಡೆದು ಹಿಡಿದ. ಸೆರಗು ಇನ್ನೂ ಬಾಕಿ. ಅದೇ ಹೊತ್ತಿಗೆ ಜಂಪಣ್ಣ ಬಂದು ಹೊಸ್ತಿಲ ಮೇಲೆ ಕೂತ. ದಿನವೂ ಆ ಮನೆಯಿಂದ ನಗು, ಜಗಳ ಕೇಳಿ ಅವನಿಗೆ ತಡೆಯಲಾಗಿರಲಿಲ್ಲ.

"ಏನಪ್ಪಾ, ಬೆಕ್ಕಿನ ಪುರಾಣ ಎಲ್ಲಿಗೆ ಬಂತು?"

"ಮುಗೀತು" ಎಂದ ಎರ್ರಿಸ್ವಾಮಿ. "ನಿನ್ನತ್ರ ಏನಾರ ಐತಾ?"

ಕುಹಕಕ್ಕೆ ಕೇಳಿದ್ದಲ್ಲ ಎಂದು ತಿಳಿದು ಜಂಪಣ್ಣ ತಬ್ಬಿಬ್ಬಾದ. ಬೀಡಿ ಹಚ್ಚಲು ಹೋಗಿ, ರೇಷ್ಮೆ ಇದ್ದ ಮನೆಯೆಂದು ನೆನೆದು ಜೇಬಿಗಿಟ್ಟುಕೊಂಡ.

"ಒಂದು ಟಗರು ಇತ್ತು" ಎಂದ. "ನಂಗೆ ಒಂಬತ್ತೋ ಹತ್ತೋ. ದೇವಸಮುದ್ರದಾಗಿದ್ದಾಗ. ಬಾಟಲಿ ಹಾಲು ಕುಡಿಸಿ ಬೆಳೆಸಿದ್ದೆ. ನನ್ನ ಹಿಂದೆ ಇಸ್ಕೂಲಿಗಂಟ ಬರ್ತಿತ್ತು, ಮೇಷ್ಟ್ರು ಅದರ ಹಾಜರಿ ಕೂಗ್ತಿದ್ರು."

"ಆಮೇಲೆ?"

"ಆಮೇಲೇನು. ಹಬ್ಬ ಬಂತು." ಅವನು ಅಂಗೈ ನೋಡಿಕೊಂಡ. "ನಾನು ಉಣ್ಣಲ್ಲ ಅಂದೆ. ಅಪ್ಪ ಬಾರಿಸಿದ. ಉಂಡೆ."

ಮಗ್ಗ ಮೆಲ್ಲಗೆ ಆಡತೊಡಗಿತು. ಲಾಳಿ ಒಂದು ಸಲ ಅತ್ತ, ಒಂದು ಸಲ ಇತ್ತ.

"ಯಾರಿಗೂ ಹೇಳಿರ್ಲಿಲ್ಲ ಇದ್ನ" ಎಂದ ಜಂಪಣ್ಣ. "ನನ್ನ ಹೆಂಡ್ತಿಗೂ ಹೇಳಿಲ್ಲ. ನಗ್ತಾರಲ್ಲ ಜನ."

"ಹೆಸರೇನಿಟ್ಟಿದ್ದೆ?"

"ರಾಜ."

"ರಾಜ ಹೆಂಗಿದ್ದ, ಹೇಳು. ನಾನು ನೇಯ್ತೀನಿ."

ಜಂಪಣ್ಣ ಹೇಳಿದ. ಮರುದಿನವೂ ಬಂದು ಹೇಳಿದ. ಸೆರಗಿನ ಅರ್ಧ ಭಾಗ ನೇಯ್ದದ್ದು ರಾಜನ ಮಾತಿಗೆ. ಬೇರೊಬ್ಬನ ಟಗರಿಗೂ ಎರ್ರಿಸ್ವಾಮಿಯ ಕಾಲು ಅಷ್ಟೇ ಮೆತ್ತಗೆ ನಿಂತಿತು.

ಮದುವೆಗೆ ಆರು ದಿನ ಇದ್ದಾಗ ಸೀರೆಯನ್ನು ಮಗ್ಗದಿಂದ ಕತ್ತರಿಸಿ ಇಳಿಸಿದರು. ನಡುಮನೆಯಲ್ಲಿ ಮಡಿ ಬಟ್ಟೆ ಹಾಸಿ, ಅದರ ಮೇಲೆ ಸೀರೆಯನ್ನು ಬಿಡಿಸಿದರು. ಕಿಟಕಿಯ ಬಿಸಿಲು ಗಿಳಿಹಸಿರಿನ ಮೇಲೆ ಬಿದ್ದು ಗೋಡೆಯೂ ಹಸಿರಾಯಿತು. ಜಂಪಣ್ಣ ಒಂದು ತುದಿ ಹಿಡಿದು, ತಲೆ ಓರೆ ಮಾಡಿ, ಬೆಳಕಿಗೆ ಹಿಡಿದು ಉದ್ದಕ್ಕೂ ನೋಡಿಕೊಂಡು ಬಂದ. ಬೇರೆಯವರ ಸೀರೆಯಲ್ಲಿ ತಪ್ಪು ಹುಡುಕುವುದರಲ್ಲಿ ಆ ಬೀದಿಯಲ್ಲಿ ಅವನನ್ನು ಮೀರಿಸಿದವರಿಲ್ಲ.

"ಏನೂ ಇಲ್ಲಪ್ಪ" ಎಂದ. "ಒಂದೇ ಕೈ, ಒಂದೇ ಕಾಲು. ಬಿಚ್ಚಿ ನೇಯ್ದಿದ್ದು ಅಂದ್ರೆ ನಾನೇ ನಂಬಾಕಿಲ್ಲ." ಅಷ್ಟು ಹೊಗಳಿದ್ದಕ್ಕೆ ತಾನೇ ನಾಚಿ ಮನೆಗೆ ಹೋದ.

ಎರ್ರಿಸ್ವಾಮಿ ನೆಲಕ್ಕೆ ಕೂತು ಸೀರೆಯ ಮಧ್ಯಕ್ಕೆ ಬಂದ. ಆ ಮಧ್ಯಾಹ್ನದ ಒಂದು ಗೇಣು ಎಲ್ಲಿದೆ ಎಂದು ನೋಡಿದ. ಅಲ್ಲೆಲ್ಲೋ ಇರಬೇಕು, ಅಳತೆಯ ಪ್ರಕಾರ. ಕಣ್ಣಿಗೆ ಸಿಗಲಿಲ್ಲ. ಬೆರಳು ಆಡಿಸಿದ. ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ. ಬಟ್ಟೆ ನೀರಿನ ಹಾಗೆ ಹರಿಯಿತು, ಎಲ್ಲಿಯೂ ತಡೆಯಲಿಲ್ಲ.

"ಹೊನ್ನಾ, ಇಲ್ಲಿ ಬಾ. ಎಲ್ಲೈತೆ ನೋಡು."

"ಏನು?"

"ಅದು ಹೋದ ಜಾಗ."

ಹೊನ್ನಕ್ಕ ಕೈ ಒರೆಸಿಕೊಂಡು ಬಂದು ಕೂತು ಕಣ್ಣು ಮುಚ್ಚಿಕೊಂಡಳು. ಅವಳ ಅಂಗೈ ನಿಧಾನವಾಗಿ ಹಸಿರಿನ ಮೇಲೆ ಹೋಯಿತು, ಬಂತು. ಇನ್ನೊಮ್ಮೆ ಹೋಯಿತು. ಎಲ್ಲಿಯೂ ನಿಲ್ಲಲಿಲ್ಲ.

"ಸಿಗಲ್ರಿ" ಎಂದಳು. "ನಂಗೂ ಸಿಗವಲ್ದು."

ಅವನು ಇನ್ನೂ ಹುಡುಕುತ್ತಿದ್ದ. ಒಂದು ತಿಂಗಳಿಂದ ಆ ಗೆರೆ ಬೀಳದಿರಲಿ ಎಂದು ಉಸಿರು ಹಿಡಿದು ದುಡಿದವನು, ಈಗ ಅದು ಒಂದು ಎಳೆಯಷ್ಟಾದರೂ ಸಿಗಲಿ ಎಂದು ಹುಡುಕುತ್ತಿದ್ದ. ಬೆಕ್ಕು ಇದ್ದದ್ದಕ್ಕೂ ಇಲ್ಲದ್ದಕ್ಕೂ ನಡುವೆ ಸೀರೆಯಲ್ಲಿ ವ್ಯತ್ಯಾಸವೇ ಇರಲಿಲ್ಲ. ಬೆರಳುಗಳು ನಿಂತವು. ಅವನ ಹೆಗಲು ಒಮ್ಮೆ ಕುಲುಕಿತು, ಮತ್ತೊಮ್ಮೆ ಕುಲುಕಿತು, ಆಮೇಲೆ ಮೈಕು ಬೇಡದ ಆ ಗಂಟಲು ಬಾಯಿಬಿಟ್ಟಿತು. ಗುದ್ದಲಿ ತೊಳೆದ ದಿನ ಬರದಿದ್ದ ಅಳು, ಮುಚ್ಚಿಡಲು ಅವನಿಗೂ ಬಾರದ ಅಳು, ನಡುಮನೆ ದಾಟಿ ಬೀದಿಗೆ ಹೋಯಿತು. ಎದುರು ಮನೆಯಲ್ಲಿ ಆಗಷ್ಟೇ ಶುರುವಾಗಿದ್ದ ಜಂಪಣ್ಣನ ಮಗ್ಗ ನಿಂತಿತು. ಬಾಗಿಲಿಗೆ ಬಂದು ಯಾರೂ ಏಕೆ ಎಂದು ಕೇಳಲಿಲ್ಲ.

ಹೊನ್ನಕ್ಕ ಅವನನ್ನು ಸಮಾಧಾನ ಮಾಡಲು ಹೋಗಲಿಲ್ಲ. ಪಕ್ಕದಲ್ಲೇ ಕೂತು, ಅವನ ಬೆನ್ನ ಮೇಲೆ ಒಂದು ಕೈ ಇಟ್ಟು, ಇನ್ನೊಂದು ಕೈಯಿಂದ ಸೀರೆಯನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡಳು.

"ಅಳ್ರಿ, ಅಳ್ರಿ" ಎಂದಳು. "ರೇಷ್ಮೆ ಮ್ಯಾಲೆ ಬಿದ್ರೆ ಕಲೆ ಆಗ್ತೈತೆ, ಹುಡುಗಿ ಸೀರೆ. ಈ ಕಡಿಗೆ ತಿರುಗಿ ಅಳ್ರಿ."